ಪೆಡಸಾದ ಅಪಧಮನಿ, ದಪ್ಪಗಾದ ಹೃದಯ

ಅರವತ್ತು ದಾಟಿದವರ ಬಿಪಿ ಚೀಟಿಗಳಲ್ಲಿ 160/70 ಎಂಬಂಥ ಅಂಕಿಗಳು ಮೇಲಿಂದ ಮೇಲೆ ಕಾಣುತ್ತವೆ. ಮೇಲಿನದು ಏರಿದೆ, ಕೆಳಗಿನದು ಇಳಿದಿದೆ. ‘ಕೆಳಗಿನದು ಚೆನ್ನಾಗಿದೆಯಲ್ಲ’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ವಯಸ್ಸಾದ ಮೇಲೆ ಮೇಲಿನದು ಸ್ವಲ್ಪ ಹೆಚ್ಚೇ ಇರುತ್ತದೆ ಎಂಬ ಮಾತೂ ಬರುತ್ತದೆ. ಆದರೆ ಈ ಎರಡು ಅಂಕಿಗಳ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದ್ದರೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳು ಹಿಗ್ಗಿ ಕುಗ್ಗುವ ಗುಣವನ್ನು ಕಳೆದುಕೊಳ್ಳುತ್ತಿವೆ ಎಂದೇ ತಿಳಿಯಬೇಕು. ನಾಳ ಪೆಡಸಾದರೆ ಅದರ ಹೊರೆ ಬೀಳುವುದು ಹೃದಯದ ಮೇಲೆ. ಹೃದಯದ ಗೋಡೆ ದಪ್ಪವಾಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಕೊನೆಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ.

ಈ ವಿಷಯದ ಅಧ್ಯಯನದಲ್ಲಿ ಮೈಸೂರಿಗೆ ದೊಡ್ಡ ಪಾತ್ರವಿದೆ. ಇಲ್ಲಿನ ಸಿದ್ಧಾರ್ಥನಗರ ಬಡಾವಣೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಮಂಡಿ ಮೊಹಲ್ಲಾದ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಅಲ್ಲಿ ಹುಟ್ಟಿದವರನ್ನು ಅವರ ನಡುವಯಸ್ಸಿನಲ್ಲಿ ಮತ್ತೆ ಹುಡುಕಿ, ಅಪಧಮನಿಯ ಪೆಡಸುತನವನ್ನೂ ಹೃದಯದ ತೂಕವನ್ನೂ ಒಟ್ಟಿಗೆ ಅಳೆದ ಅಧ್ಯಯನವೊಂದು ನಡೆದಿದೆ. ಅದರ ಫಲಿತಾಂಶಕ್ಕೆ ಬರುವ ಮುನ್ನ, ನಾಳಕ್ಕೂ ಹೃದಯಕ್ಕೂ ಇರುವ ಸಂಬಂಧವನ್ನು ನೋಡಬೇಕು.

ಮಹಾಪಧಮನಿಯ ಕೆಲಸ

ಹೃದಯದ ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಮಹಾಪಧಮನಿಗೆ ದೂಡುತ್ತದೆ. ದೂಡುವುದಕ್ಕೆ ಅದು ತೆಗೆದುಕೊಳ್ಳುವ ಸಮಯ ಒಂದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದ ಹೊತ್ತು ಅದು ಸಡಿಲಗೊಂಡು, ಮುಂದಿನ ಬಡಿತಕ್ಕಾಗಿ ತುಂಬಿಕೊಳ್ಳುತ್ತಿರುತ್ತದೆ. ಹೃದಯ ಹೀಗೆ ಬಿಟ್ಟು ಬಿಟ್ಟು ದೂಡಿದರೂ ಮಿದುಳು, ಮೂತ್ರಪಿಂಡ, ಸ್ನಾಯುಗಳ ಸಣ್ಣ ನಾಳಗಳಲ್ಲಿ ರಕ್ತ ಬಿಡುವಿಲ್ಲದೆ ಹರಿಯುತ್ತದೆ. ಇದನ್ನು ಸಾಧ್ಯವಾಗಿಸುವುದು ಮಹಾಪಧಮನಿಯ ಹಿಗ್ಗುವ ಗುಣ.

ಆರೋಗ್ಯವಂತ ಯುವಕರ ದೇಹದಲ್ಲಿ, ಹೃದಯ ದೂಡಿದ ರಕ್ತದಲ್ಲಿ ಸುಮಾರು ಅರ್ಧದಷ್ಟು ಆ ಕ್ಷಣಕ್ಕೆ ಮುಂದಕ್ಕೆ ಹೋಗುವುದೇ ಇಲ್ಲ. ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳು ಹಿಗ್ಗಿ ಅದನ್ನು ತಮ್ಮಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಹೃದಯ ಸಡಿಲಗೊಂಡು ಕವಾಟ ಮುಚ್ಚಿದ ಮೇಲೆ, ಹಿಗ್ಗಿದ ಗೋಡೆ ಕುಗ್ಗುತ್ತಾ ಆ ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ಹಳೆಯ ಕಾಲದ ಅಗ್ನಿಶಾಮಕ ಪಂಪುಗಳಲ್ಲಿ ಗಾಳಿ ತುಂಬಿದ ಒಂದು ಕೋಣೆ ಇರುತ್ತಿತ್ತು. ಆಳುಗಳು ಕೈಯಿಂದ ಬಿಟ್ಟು ಬಿಟ್ಟು ಒತ್ತಿದರೂ ಆ ಗಾಳಿ ಕುಗ್ಗಿ ಹಿಗ್ಗುತ್ತಿದ್ದುದರಿಂದ ಕೊಳವೆಯ ಬಾಯಲ್ಲಿ ನೀರು ಎಡೆಬಿಡದೆ ಚಿಮ್ಮುತ್ತಿತ್ತು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1733ರಲ್ಲೇ ಅಪಧಮನಿಗಳನ್ನು ಈ ಕೋಣೆಗೆ ಹೋಲಿಸಿದ್ದ. 1899ರಲ್ಲಿ ಜರ್ಮನಿಯ ಒಟ್ಟೊ ಫ್ರಾಂಕ್ ಅದಕ್ಕೆ ಗಣಿತದ ರೂಪ ಕೊಟ್ಟ. ರಕ್ತನಾಳಗಳ ಯಾಂತ್ರಿಕತೆಯ ಪಾಠ ಇಂದಿಗೂ ಅಲ್ಲಿಂದಲೇ ಶುರುವಾಗುತ್ತದೆ.

ನಾಳ ಹಿಗ್ಗಿದಷ್ಟೂ ಮೇಲಿನ ಒತ್ತಡ ತಗ್ಗುತ್ತದೆ. ಅದು ಮರಳಿ ಕುಗ್ಗಿದಷ್ಟೂ ಕೆಳಗಿನ ಒತ್ತಡಕ್ಕೆ ಆಸರೆ ಸಿಗುತ್ತದೆ. ಪೆಡಸಾದ ನಾಳ ಈ ಎರಡು ಕೆಲಸಗಳಲ್ಲೂ ಸೋಲುತ್ತದೆ.

ಪೆಡಸಾಗುವುದು ಎಂದರೇನು

ಅಪಧಮನಿಯ ಗೋಡೆಯ ನಡುಪದರದಲ್ಲಿ ಎರಡು ಬಗೆಯ ನಾರುಗಳಿವೆ. ಎಲಾಸ್ಟಿನ್ ಹಿಗ್ಗಿ ಮತ್ತೆ ಮೊದಲಿನಂತಾಗುವ ನಾರು. ಕೊಲಾಜೆನ್ ಗಟ್ಟಿ, ಅದು ಸುಲಭಕ್ಕೆ ಹಿಗ್ಗುವುದಿಲ್ಲ. ಕಡಿಮೆ ಒತ್ತಡದಲ್ಲಿ ಭಾರ ಹೊರುವುದು ಎಲಾಸ್ಟಿನ್, ಒತ್ತಡ ಹೆಚ್ಚಿದಾಗ ನಾಳ ಹರಿಯದಂತೆ ತಡೆದು ನಿಲ್ಲುವುದು ಕೊಲಾಜೆನ್. ದೇಹ ಎಲಾಸ್ಟಿನ್ ತಯಾರಿಸುವುದು ಬಹುಮಟ್ಟಿಗೆ ತಾಯಿಯ ಗರ್ಭದಲ್ಲಿ ಮತ್ತು ಬಾಲ್ಯದ ಮೊದಲ ವರ್ಷಗಳಲ್ಲಿ. ಆಮೇಲೆ ಹೊಸದಾಗಿ ಸೇರುವುದು ತೀರ ಅಲ್ಪ. ನಿಮಿಷಕ್ಕೆ 70ರಂತೆ ಲೆಕ್ಕ ಹಾಕಿದರೆ ಅರವತ್ತು ವರ್ಷಗಳಲ್ಲಿ ಹೃದಯ 200 ಕೋಟಿಗೂ ಹೆಚ್ಚು ಸಲ ಬಡಿದಿರುತ್ತದೆ. ಅಷ್ಟೂ ಸಲ ಹಿಗ್ಗಿ ಕುಗ್ಗಿದ್ದು ಹುಟ್ಟಿನ ಆಸುಪಾಸಿನಲ್ಲಿ ಸಿಕ್ಕ ಅದೇ ನಾರು. ಅದು ಸವೆದು ತುಂಡಾಗುತ್ತದೆ, ಭಾರ ಕೊಲಾಜೆನ್ ಮೇಲೆ ಬೀಳುತ್ತದೆ.

ಇದರ ಜೊತೆಗೆ ಇನ್ನೂ ಕೆಲವು ಸಂಗತಿಗಳು ಕೂಡಿಕೊಳ್ಳುತ್ತವೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಿದ್ದರೆ ಅದು ಕೊಲಾಜೆನ್ ಎಳೆಗಳಿಗೆ ಅಂಟಿ, ಒಂದನ್ನೊಂದು ಬಿಗಿದು ಕಟ್ಟುತ್ತದೆ. ಮಧುಮೇಹಿಗಳ ನಾಳಗಳು ವಯಸ್ಸಿಗೆ ಮೊದಲೇ ಪೆಡಸಾಗಲು ಇದೊಂದು ಮುಖ್ಯ ಕಾರಣ. ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ನಾಳದ ನಡುಪದರಕ್ಕೇ ಸುಣ್ಣದ ಅಂಶ ಸೇರುತ್ತದೆ. ಹೊಗೆಬತ್ತಿ ಮತ್ತು ಅತಿ ಉಪ್ಪು ನಾಳದ ಒಳಪೊರೆಯನ್ನು ಕೆಡಿಸಿ, ನಾಳ ಸಡಿಲವಾಗುವಂತೆ ಮಾಡುವ ನೈಟ್ರಿಕ್ ಆಕ್ಸೈಡನ್ನು ತಗ್ಗಿಸುತ್ತವೆ.

ಜನ ‘ಬ್ಲಾಕ್’ ಎನ್ನುವ ಕಾಯಿಲೆ ಬೇರೆ. ಅದರಲ್ಲಿ ನಾಳದ ಒಳಗೋಡೆಯಲ್ಲಿ ಅಲ್ಲಲ್ಲಿ ಕೊಬ್ಬಿನ ಗಂಟು ಬೆಳೆದು ದಾರಿ ಕಿರಿದಾಗುತ್ತದೆ. ಪೆಡಸುತನದಲ್ಲಿ ದಾರಿ ಕಿರಿದಾಗಬೇಕೆಂದೇನೂ ಇಲ್ಲ. ವಯಸ್ಸಾದಂತೆ ಮಹಾಪಧಮನಿ ಅಗಲವಾಗುವುದೇ ಹೆಚ್ಚು. ಎರಡೂ ಒಬ್ಬರಲ್ಲೇ ಇರುವುದುಂಟು. ಆದರೂ ಆಂಜಿಯೋಗ್ರಾಂನಲ್ಲಿ ಒಂದೂ ಬ್ಲಾಕ್ ಇಲ್ಲದವರಿಗೆ ನಾಳದ ಪೆಡಸುತನದಿಂದಲೇ ಹೃದಯ ಸೋಲಬಹುದು. ‘ಆಂಜಿಯೋಗ್ರಾಂ ಕ್ಲೀನ್’ ಎಂದ ಮೇಲೂ ಉಸಿರು ಕಟ್ಟುವುದೇಕೆ ಎಂದು ದಿಗಿಲಾಗುವ ಹಿರಿಯರಿಗೆ ಈ ವ್ಯತ್ಯಾಸವನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು.

ನಾಡಿಯ ಅಲೆ ಮತ್ತು ಅದು ಮರಳುವ ಹೊತ್ತು

ಹೃದಯ ಬಡಿದಾಗ ಮಣಿಕಟ್ಟಿನಲ್ಲಿ ನಮಗೆ ಸಿಗುವ ನಾಡಿ ರಕ್ತ ಅಷ್ಟು ಬೇಗ ಅಲ್ಲಿಗೆ ತಲುಪಿದ್ದರ ಗುರುತಲ್ಲ. ಅದು ನಾಳದ ಗೋಡೆಯ ಮೇಲೆ ಓಡಿ ಬಂದ ಒತ್ತಡದ ಅಲೆ. ರಕ್ತದ ಹರಿವಿಗಿಂತ ಅಲೆ ಎಷ್ಟೋ ಪಟ್ಟು ಬಿರುಸು. ಹಿಗ್ಗುವ ಗೋಡೆಯಲ್ಲಿ ಅದು ನಿಧಾನ, ಪೆಡಸು ಗೋಡೆಯಲ್ಲಿ ಬಿರುಸು. 1878ರಲ್ಲಿ ಡಚ್ಚರಾದ ಮೋನ್ಸ್ ಮತ್ತು ಕೊರ್ಟೆವೆಗ್ ಈ ವೇಗಕ್ಕೂ ಗೋಡೆಯ ಪೆಡಸುತನಕ್ಕೂ ಇರುವ ಲೆಕ್ಕವನ್ನು ಕಂಡುಕೊಂಡರು. ಪೆಡಸುತನ ನಾಲ್ಕು ಪಟ್ಟಾದರೆ ಅಲೆಯ ವೇಗ ಎರಡು ಪಟ್ಟಾಗುತ್ತದೆ. ಕತ್ತಿನ ನಾಡಿಯಿಂದ ತೊಡೆಸಂದಿನ ನಾಡಿಯವರೆಗೆ ಅಳೆದಾಗ, ಆರೋಗ್ಯವಂತ ಯುವಕರಲ್ಲಿ ಈ ವೇಗ ಸೆಕೆಂಡಿಗೆ 5–6 ಮೀಟರಿನ ಆಸುಪಾಸಿನಲ್ಲಿರುತ್ತದೆ. 10 ಮೀಟರ್ ದಾಟಿದರೆ ಮಹಾಪಧಮನಿಗೆ ಹಾನಿಯಾಗಿದೆ ಎಂದು ಯುರೋಪಿನ ತಜ್ಞರ ಮಾರ್ಗಸೂಚಿಗಳು ಪರಿಗಣಿಸಿವೆ.

ಅಲೆ ಹೋಗುವುದಷ್ಟೇ ಅಲ್ಲ, ಮರಳಿಯೂ ಬರುತ್ತದೆ. ನಾಳ ಕವಲೊಡೆಯುವ ಕಡೆ, ಸಣ್ಣ ನಾಳಗಳು ಶುರುವಾಗುವ ಕಡೆ ಅದರ ಒಂದಂಶ ಹಿಂತಿರುಗುತ್ತದೆ. ಕಿರಿಯರಲ್ಲಿ ಈ ಮರು ಅಲೆ ಹೃದಯಕ್ಕೆ ತಲುಪುವ ಹೊತ್ತಿಗೆ ಸಂಕೋಚನ ಬಹುಮಟ್ಟಿಗೆ ಮುಗಿದಿರುತ್ತದೆ. ಸಡಿಲಗೊಳ್ಳುತ್ತಿರುವ ಹೃದಯದ ಸ್ವಂತ ರಕ್ತನಾಳಗಳಿಗೆ, ಅಂದರೆ ಕೊರೊನರಿಗಳಿಗೆ, ಅದರಿಂದ ಒತ್ತಾಸೆಯೇ ಸಿಗುತ್ತದೆ. ಪೆಡಸು ನಾಳದಲ್ಲಿ ಅದೇ ಅಲೆ ಬೇಗ ಹೋಗಿ ಬೇಗ ಬಂದುಬಿಡುತ್ತದೆ. ಹೃದಯ ಇನ್ನೂ ರಕ್ತವನ್ನು ದೂಡುತ್ತಿರುವಾಗಲೇ ಎದುರಿನಿಂದ ಬಂದು ಹಾಯುತ್ತದೆ. ಈ ಮರು ಅಲೆಯ ಪಾಲು ಎಷ್ಟು, ಪೆಡಸು ಮಹಾಪಧಮನಿಗೆ ಮೊದಲ ಸಲ ದೂಡುವಾಗಲೇ ಏಳುವ ಒತ್ತಡದ ಪಾಲು ಎಷ್ಟು ಎಂಬುದರ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಹೃದಯಕ್ಕೆ ಬೀಳುವ ಹೆಚ್ಚಿನ ಹೊರೆಯ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ.

ಎರಡು ಅಂಕಿ, ಒಂದು ಅಂತರ

120/80 ಮತ್ತು 150/66 ಎಂಬ ಎರಡು ಬಿಪಿಗಳನ್ನು ತೆಗೆದುಕೊಳ್ಳಿ. ಒಟ್ಟು ಸರಾಸರಿ ಒತ್ತಡ ಎರಡರಲ್ಲೂ ಹೆಚ್ಚುಕಡಿಮೆ 93–94. ಆದರೆ ಮೊದಲನೆಯದರಲ್ಲಿ ಅಂತರ 40, ಎರಡನೆಯದರಲ್ಲಿ 84. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಳ ಕಾಲ ಗಮನಿಸಿ 1997ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದನ್ನು ಚೆನ್ನಾಗಿ ತೋರಿಸಿತು: ಮೇಲಿನ ಒತ್ತಡ ಜೀವಮಾನವಿಡೀ ಏರುತ್ತದೆ, ಕೆಳಗಿನದು ಐವತ್ತು–ಅರವತ್ತರವರೆಗೆ ಏರಿ ಆಮೇಲೆ ಇಳಿಯುತ್ತದೆ. ಹಾಗೆ ಇಳಿಯುವುದು ಆರೋಗ್ಯ ಸುಧಾರಿಸಿದ್ದರಿಂದಲ್ಲ, ಕುಗ್ಗಿ ತಳ್ಳಬೇಕಾದ ನಾಳ ತಳ್ಳದೇ ಹೋದದ್ದರಿಂದ. ಮೇಲಿನದು 140 ಅಥವಾ ಅದಕ್ಕಿಂತ ಹೆಚ್ಚಿದ್ದು ಕೆಳಗಿನದು 90ಕ್ಕಿಂತ ಕಡಿಮೆ ಇದ್ದರೂ ಅದು ರಕ್ತದೊತ್ತಡದ ಕಾಯಿಲೆಯೇ.

ಹೃದಯದ ರಚನೆ ಬದಲಾಗುವ ಬಗೆ

ಎಡ ಹೃತ್ಕುಕ್ಷಿಯ ಗೋಡೆ ಸಾಮಾನ್ಯವಾಗಿ ಒಂದು ಸೆಂಟಿಮೀಟರಿನಷ್ಟು ಅಥವಾ ಅದಕ್ಕಿಂತ ಕಡಿಮೆ ದಪ್ಪ ಇರುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಎದುರಿನ ಒತ್ತಡ ಹೆಚ್ಚಾಗಿಯೇ ಸಿಕ್ಕಿದರೆ ಆ ಗೋಡೆಯ ಪ್ರತಿ ನಾರಿನ ಮೇಲೂ ಸೆಳೆತ ಹೆಚ್ಚುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನ ನಿಯಮದ ಪ್ರಕಾರ, ಒಳಗಿನ ಒತ್ತಡ ಅಥವಾ ಕೋಣೆಯ ಅಗಲ ಹೆಚ್ಚಿದರೆ ಗೋಡೆಯ ಸೆಳೆತ ಹೆಚ್ಚುತ್ತದೆ, ಗೋಡೆ ದಪ್ಪವಾದರೆ ತಗ್ಗುತ್ತದೆ. ಹೃದಯ ಆರಿಸಿಕೊಳ್ಳುವುದು ಗೋಡೆಯನ್ನು ದಪ್ಪ ಮಾಡುವ ದಾರಿಯನ್ನೇ.

ವಯಸ್ಕರ ಹೃದಯದ ಸ್ನಾಯುಕೋಶಗಳು ಹೊಸದಾಗಿ ಹುಟ್ಟುವುದು ತೀರ ಅಪರೂಪ. ಹಾಗಾಗಿ ಇರುವ ಕೋಶಗಳೇ ತಮ್ಮೊಳಗೆ ಸಂಕೋಚಿಸುವ ಎಳೆಗಳನ್ನು ಅಕ್ಕಪಕ್ಕ ಜೋಡಿಸಿಕೊಂಡು ಉಬ್ಬುತ್ತವೆ. ಗೋಡೆ ಒಳಮುಖವಾಗಿ ದಪ್ಪವಾಗುತ್ತದೆ, ಕೋಣೆ ದೊಡ್ಡದಾಗುವುದಿಲ್ಲ. ಹೃದಯದ ಅಲ್ಟ್ರಾಸೌಂಡ್ ಆದ ಎಕೋ ಪರೀಕ್ಷೆಯ ವರದಿಯಲ್ಲಿ ‘ಎಲ್‌ವಿಎಚ್’ ಅಥವಾ ‘ಕಾನ್ಸೆಂಟ್ರಿಕ್ ಎಲ್‌ವಿಎಚ್’ ಎಂದು ಬರೆಯುವುದು ಇದನ್ನೇ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಎಡ ಹೃತ್ಕುಕ್ಷಿಯ ತೂಕ ಗಂಡಸರಲ್ಲಿ 115 ಗ್ರಾಂ, ಹೆಂಗಸರಲ್ಲಿ 95 ಗ್ರಾಂ ದಾಟಿದರೆ ಅದನ್ನು ಅತಿಬೆಳವಣಿಗೆ ಎಂದು ಗುರುತಿಸುತ್ತಾರೆ. ಒಟ್ಟು ತೂಕ ಇನ್ನೂ ಮಿತಿಯೊಳಗಿದ್ದು ಕೋಣೆಗೆ ಹೋಲಿಸಿದರೆ ಗೋಡೆ ಮಾತ್ರ ದಪ್ಪಗಾಗಿರುವ ಹಂತವೂ ಉಂಟು. ಅದು ಮೊದಲ ಮೆಟ್ಟಿಲು.

ವ್ಯಾಯಾಮ ಮಾಡಿದವರ ತೋಳು ದಪ್ಪವಾದ ಹಾಗೆ ಇದೂ ಬಲದ ಲಕ್ಷಣವಲ್ಲವೇ ಎಂದು ಕೇಳುವವರಿದ್ದಾರೆ. ಓಟಗಾರರ ಹೃದಯವೂ ಬೆಳೆಯುತ್ತದೆ ನಿಜ. ಆದರೆ ಅವರಲ್ಲಿ ಕೋಣೆಯೂ ಗೋಡೆಯೂ ಒಟ್ಟಿಗೆ ಬೆಳೆಯುತ್ತವೆ, ಸಡಿಲಗೊಳ್ಳುವ ಗುಣ ಉಳಿಯುತ್ತದೆ, ಓಟ ನಿಲ್ಲಿಸಿದರೆ ಬಹಳಮಟ್ಟಿಗೆ ಮೊದಲಿನಂತಾಗುತ್ತದೆ. ಒತ್ತಡದಿಂದ ದಪ್ಪಗಾದ ಹೃದಯದಲ್ಲಿ ಕೋಶಗಳ ನಡುವೆ ಕೊಲಾಜೆನ್ ಸೇರಿಕೊಳ್ಳುತ್ತದೆ. ಆಂಜಿಯೋಟೆನ್ಸಿನ್, ಆಲ್ಡೊಸ್ಟೆರಾನ್ ಎಂಬ ಹಾರ್ಮೋನುಗಳು ಇದಕ್ಕೆ ಕುಮ್ಮಕ್ಕು ಕೊಡುತ್ತವೆ. ಸ್ನಾಯು ಬೆಳೆದಷ್ಟು ವೇಗದಲ್ಲಿ ಅದಕ್ಕೆ ರಕ್ತ ಕೊಡುವ ಲೋಮನಾಳಗಳು ಬೆಳೆಯುವುದಿಲ್ಲ. ನಾಳದ ಗೋಡೆಗೆ ಆದದ್ದೇ ಈಗ ಹೃದಯದ ಗೋಡೆಗೂ ಆಗುತ್ತದೆ. ಅಮೆರಿಕದ ಡೇವಿಡ್ ಕಾಸ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಹೃದಯ ಮತ್ತು ನಾಳ ಜೊತೆಯಾಗಿ ಪೆಡಸಾಗುವ ಸ್ಥಿತಿ ಎಂದು ವಿವರಿಸಿದರು.

ಹೀಗೆ ಜೊತೆಯಾಗಿ ಪೆಡಸಾದಾಗ ಉಂಟಾಗುವ ಒಂದು ತೊಂದರೆ ಮನೆಮಂದಿಗೆಲ್ಲ ಪರಿಚಿತ. ದೇಹದಲ್ಲಿನ ನೀರು–ಉಪ್ಪಿನ ಪ್ರಮಾಣ ಸ್ವಲ್ಪ ಬದಲಾದರೂ ಬಿಪಿ ಬಹಳ ಬದಲಾಗುತ್ತದೆ. ಮದುವೆಮನೆಯ ಊಟ ಮುಗಿಸಿ ಬಂದ ರಾತ್ರಿ ಬಿಪಿ ಏರಿ ಉಸಿರು ಕಟ್ಟುತ್ತದೆ. ಎರಡು ದಿನ ಭೇದಿಯಾದರೆ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತುಸು ಜಾಸ್ತಿಯಾದರೆ, ಅದೇ ವ್ಯಕ್ತಿ ಎದ್ದು ನಿಂತ ಕೂಡಲೇ ತಲೆ ಸುತ್ತಿ ಬೀಳುತ್ತಾರೆ. ಇವರ ಬಿಪಿ ಒಂದು ಕಡೆ ನಿಲ್ಲುವುದೇ ಇಲ್ಲ ಎಂದು ಬೇಸರಪಟ್ಟುಕೊಳ್ಳುವ ಮಕ್ಕಳಿಗೆ ಅದರ ಮೂಲ ನಾಳದಲ್ಲಿದೆ ಎಂದು ತಿಳಿದರೆ ಆರೈಕೆ ಸುಲಭವಾದೀತು.

ಕೆಲಸ ಬದಲಾಗುವ ಬಗೆ

ದಪ್ಪಗೋಡೆಯ ಹೃದಯ ಮೊದಲು ಎಡವುವುದು ಸಡಿಲಗೊಳ್ಳುವ ಕೆಲಸದಲ್ಲಿ. ಸಡಿಲಗೊಳ್ಳುವುದು ಸುಮ್ಮನೆ ಬಿಟ್ಟುಬಿಡುವ ಕ್ರಿಯೆಯಲ್ಲ. ಸ್ನಾಯುವಿನೊಳಗೆ ಹರಡಿದ ಕ್ಯಾಲ್ಸಿಯಂ ಅನ್ನು ಮತ್ತೆ ಅದರ ಉಗ್ರಾಣಕ್ಕೆ ಎಳೆದುಕೊಳ್ಳಬೇಕು, ಅದಕ್ಕೆ ಶಕ್ತಿ ಬೇಕು. ಆರೋಗ್ಯವಂತ ಎಡ ಹೃತ್ಕುಕ್ಷಿ ಸಡಿಲಗೊಂಡ ಕೂಡಲೇ ಹೃತ್ಕರ್ಣದಿಂದ ರಕ್ತವನ್ನು ಸೆಳೆದುಕೊಳ್ಳುತ್ತದೆ. ಅದು ತುಂಬುವುದರ ಮುಕ್ಕಾಲು ಪಾಲು ಹೀಗೇ ಆಗುತ್ತದೆ. ಉಳಿದದ್ದನ್ನು ಕೊನೆಯಲ್ಲಿ ಹೃತ್ಕರ್ಣ ಒತ್ತಿ ತುಂಬಿಸುತ್ತದೆ. ಬಿಗಿಯಾದ ಹೃದಯದಲ್ಲಿ ಆರಂಭದ ಸೆಳೆತ ಸೊರಗುತ್ತದೆ, ಹೃತ್ಕರ್ಣದ ಒತ್ತುವಿಕೆಯ ಮೇಲೆ ಅವಲಂಬನೆ ಹೆಚ್ಚುತ್ತದೆ. ‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಎಂಬ ಸಾಲು ಅರವತ್ತು ದಾಟಿದವರ ಎಕೋ ವರದಿಯಲ್ಲಿ ತುಂಬ ಸಾಮಾನ್ಯ. ಆ ಒಂದು ಸಾಲಿನಿಂದಲೇ ಗಾಬರಿಯಾಗಬೇಕಿಲ್ಲ. ಹಾಗೆಂದು ಬಿಪಿಯನ್ನು ಅಲಕ್ಷ್ಯ ಮಾಡಲು ಅದು ಪರವಾನಗಿಯೂ ಅಲ್ಲ.

ಬಿಗಿ ಹೆಚ್ಚಿದಂತೆ ಎಡ ಹೃತ್ಕರ್ಣದಲ್ಲಿ ಒತ್ತಡ ಏರುತ್ತದೆ, ಹೃತ್ಕರ್ಣ ಹಿಗ್ಗುತ್ತದೆ. ಅದರ ಹಿಂದಿರುವುದು ಶ್ವಾಸಕೋಶ. ಒತ್ತಡ ಅಲ್ಲಿಗೆ ದಾಟಿದಾಗ ನಡೆಯುವಾಗ ಏದುಸಿರು, ಆಮೇಲೆ ರಾತ್ರಿ ಮಲಗಿದಾಗ ಎದ್ದು ಕೂರುವಂತೆ ಮಾಡುವ ಉಸಿರುಕಟ್ಟು, ಕಾಲಿನ ಬಾವು. ಹಿಗ್ಗಿದ ಹೃತ್ಕರ್ಣ ಲಯ ತಪ್ಪಿ ಕಂಪಿಸಲು ಶುರುಮಾಡಿದರೆ ಅದು ಏಟ್ರಿಯಲ್ ಫಿಬ್ರಿಲೇಶನ್. ಬಿಗಿಯಾದ ಹೃದಯ ತಾನು ನಂಬಿಕೊಂಡಿದ್ದ ಕೊನೆಯ ಒತ್ತುವಿಕೆಯನ್ನೂ ಆಗ ಕಳೆದುಕೊಳ್ಳುತ್ತದೆ. ಅದುವರೆಗೆ ಹೇಗೋ ನಡೆಯುತ್ತಿದ್ದವರು ಒಮ್ಮೆಲೇ ಕುಸಿಯುತ್ತಾರೆ. ಕಂಪಿಸುವ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯ ಬೇರೆ.

ಈ ಎಲ್ಲದರ ನಡುವೆ ಎಕೋದಲ್ಲಿ ‘ಇಎಫ್ 60’ ಎಂದು ಬಂದಿರಬಹುದು. ಇಎಫ್ ಎಂದರೆ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಹೊರಹೋಯಿತು ಎಂಬುದು. ತುಂಬಿದ್ದೇ ಕಷ್ಟಪಟ್ಟು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಇಎಫ್ 50 ಅಥವಾ ಅದಕ್ಕಿಂತ ಹೆಚ್ಚಿದ್ದೂ ಆಗುವ ಹೃದಯ ವೈಫಲ್ಯ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮುಟ್ಟು ನಿಂತ ಮೇಲೆ ಹೆಂಗಸರ ಮಹಾಪಧಮನಿ ಬೇಗ ಬೇಗ ಪೆಡಸಾಗುತ್ತದೆ. ಅಡುಗೆಮನೆಯಿಂದ ಮಹಡಿಗೆ ಹತ್ತಿದರೆ ಸುಸ್ತು ಎನ್ನುವ ಅರವತ್ತೈದರ ಅಮ್ಮಂದಿರ ಮಾತನ್ನು ವಯಸ್ಸು, ತೂಕ, ರಕ್ತ ಕಡಿಮೆ ಎಂದು ತಳ್ಳಿಹಾಕುವುದು ನಮ್ಮಲ್ಲಿ ತುಂಬ ನಡೆಯುತ್ತದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಏಕೆಂದರೆ ಈಗ ಇದಕ್ಕೆ ಚಿಕಿತ್ಸೆ ಇದೆ.

ಇನ್ನೊಂದು ಪೆಟ್ಟು ಹೃದಯದ ಸ್ವಂತ ರಕ್ತಪೂರೈಕೆಗೆ. ಸಂಕೋಚಿಸುವಾಗ ಸ್ನಾಯು ತನ್ನೊಳಗಿನ ನಾಳಗಳನ್ನು ತಾನೇ ಅದುಮುವುದರಿಂದ, ಎಡ ಹೃತ್ಕುಕ್ಷಿಗೆ ರಕ್ತ ಸಿಗುವುದು ಹೆಚ್ಚಾಗಿ ಸಡಿಲಗೊಂಡ ಹೊತ್ತಿನಲ್ಲಿ, ಕೆಳಗಿನ ಒತ್ತಡದ ಬಲದಿಂದ. ಪೆಡಸು ನಾಳದವರಲ್ಲಿ ಮೇಲಿನ ಒತ್ತಡ ಏರಿ ಸ್ನಾಯುವಿನ ಬೇಡಿಕೆ ಹೆಚ್ಚಿದೆ, ಕೆಳಗಿನದು ಇಳಿದು ಪೂರೈಕೆ ತಗ್ಗಿದೆ. ಮೊದಲು ಬಳಲುವುದು ಗೋಡೆಯ ತೀರ ಒಳಪದರ. ಬ್ಲಾಕ್ ಇಲ್ಲದೆಯೂ ಎದೆ ಹಿಡಿದಂತಾಗಲು ಇದೊಂದು ಕಾರಣ.

ಮೈಸೂರಿನ ಹೆರಿಗೆ ದಾಖಲೆಗಳು ಹೇಳಿದ್ದು

ಮಿಷನ್ ಆಸ್ಪತ್ರೆ 1906ರಿಂದ ಇದೆ. 1934ರಿಂದ ಅಲ್ಲಿನ ಹೆರಿಗೆ ವಿಭಾಗದವರು ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಾ ಬಂದರು. ಆ ನರ್ಸಮ್ಮಂದಿರಿಗೆ ತಾವು ಬರೆಯುತ್ತಿರುವುದು ಆರು ದಶಕಗಳ ಬಳಿಕ ಜಗತ್ತಿನ ವೈದ್ಯಪತ್ರಿಕೆಗಳನ್ನು ತಲುಪುತ್ತದೆಂಬ ಅರಿವು ಇದ್ದಿರಲಾರದು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಹುಟ್ಟುವಾಗ ಸಣ್ಣಗಿದ್ದವರಿಗೆ ಮುಂದೆ ಹೃದ್ರೋಗ ಹೆಚ್ಚು ಎಂಬ ವಾದವನ್ನು ಮುಂದಿಟ್ಟಿದ್ದರು. ಆ ವಾದವನ್ನು ಭಾರತದಲ್ಲಿ ಪರೀಕ್ಷಿಸಲು ಹುಟ್ಟಿನ ಅಳತೆ ಬರೆದಿಟ್ಟ ಹಳೆಯ ದಾಖಲೆ ಬೇಕಿತ್ತು. ಅದು ಸಿಕ್ಕಿದ್ದು ಮೈಸೂರಿನಲ್ಲಿ. ಬಾರ್ಕರ್ ಅವರ ಸಹೋದ್ಯೋಗಿ ಕ್ಯಾರೊಲಿನ್ ಫಾಲ್ ಮತ್ತು ಮಿಷನ್ ಆಸ್ಪತ್ರೆಯ ಸಂಶೋಧನಾ ಘಟಕದ ಕಲ್ಯಾಣರಾಮನ್ ಕುಮಾರನ್ ಮೊದಲಾದವರು 1990ರ ದಶಕದಲ್ಲಿ ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆ ಸಮೀಕ್ಷೆ ನಡೆಸಿ, ಅಲ್ಲಿ ಹುಟ್ಟಿ ಇನ್ನೂ ಇದೇ ಊರಿನಲ್ಲಿದ್ದವರನ್ನು ಪತ್ತೆ ಮಾಡಿದರು.

1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಮೊದಲ ವರದಿ 517 ಜನರದು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಕೊರೊನರಿ ಹೃದ್ರೋಗವಿತ್ತು. 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 3. ಮಗುವೂ ಸಣ್ಣದು, ಗರ್ಭಿಣಿಯಾಗಿದ್ದಾಗ ತಾಯಿಯೂ 45 ಕಿಲೋಗಿಂತ ಕಡಿಮೆ ಎಂದಾದ ಕಡೆ ಅದು ನೂರಕ್ಕೆ 20ಕ್ಕೆ ಮುಟ್ಟಿತ್ತು. ಬಾರ್ಕರ್ ವಾದಕ್ಕೆ ಮೈಸೂರು ಹೌದೆಂದಿತು.

ಹಾಗಾದರೆ ನಾಳದ ಪೆಡಸುತನವೂ ಹುಟ್ಟಿನಿಂದಲೇ ಬರುತ್ತದೆಯೇ? ಹಾಗೆ ಊಹಿಸಲು ಕಾರಣವಿತ್ತು. 1995ರಲ್ಲಿ ಕ್ರಿಸ್ಟೊಫರ್ ಮಾರ್ಟಿನ್ ಮತ್ತು ಸಂಗಡಿಗರು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದ ಐವತ್ತರ ಆಸುಪಾಸಿನವರನ್ನು ಪರೀಕ್ಷಿಸಿ, ಸಣ್ಣಗೆ ಹುಟ್ಟಿದವರ ದೊಡ್ಡ ನಾಳಗಳು ಹೆಚ್ಚು ಪೆಡಸಾಗಿರುವುದನ್ನು ಕಂಡಿದ್ದರು. 1997ರಲ್ಲಿ ಮಾರ್ಟಿನ್ ಮತ್ತು ಗ್ರೀನ್‌ವಾಲ್ಡ್ ಅದಕ್ಕೊಂದು ವಿವರಣೆ ಕೊಟ್ಟರು: ಗರ್ಭದಲ್ಲಿ ಬೆಳವಣಿಗೆ ಕುಂಠಿತವಾದರೆ ಮಹಾಪಧಮನಿಗೆ ಸಿಗಬೇಕಾದ ಎಲಾಸ್ಟಿನ್ ಕಡಿಮೆಯಾಗುತ್ತದೆ, ಆಮೇಲೆ ಅದನ್ನು ತುಂಬಿಕೊಳ್ಳಲು ಅವಕಾಶವಿಲ್ಲ, ನಡುವಯಸ್ಸಿನ ಬಿಪಿಗೆ ಬೀಜ ಬೀಳುವುದೇ ಅಲ್ಲಿ. ಸೊಗಸಾದ ವಾದ. ಎಲಾಸ್ಟಿನ್ ಬಗ್ಗೆ ಗೊತ್ತಿದ್ದ ಎಲ್ಲದಕ್ಕೂ ಅದು ಹೊಂದುತ್ತಿತ್ತು.

ಅದನ್ನು ಮೈಸೂರಿನಲ್ಲಿ ಪರೀಕ್ಷಿಸಲಾಯಿತು. ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ, ಆಗ ನಲವತ್ತು ದಾಟಿದ್ದ 435 ಗಂಡಸರು ಮತ್ತು ಹೆಂಗಸರ ಬಿಪಿ, ನಾಡಿಯ ಅಲೆಯ ವೇಗ, ಎಕೋ ಮೂಲಕ ಎಡ ಹೃತ್ಕುಕ್ಷಿಯ ತೂಕ, ಮೂರನ್ನೂ ಅಳೆದರು. ಮಾರ್ಟಿನ್ ಅವರೂ ಈ ತಂಡದಲ್ಲಿದ್ದರು. 2000ದಲ್ಲಿ ‘ಹಾರ್ಟ್’ ಪತ್ರಿಕೆಯಲ್ಲಿ ಬಂದ ವರದಿಯ ಶೀರ್ಷಿಕೆಯಲ್ಲೇ ಉತ್ತರವಿತ್ತು. ಈ ಮೂರಕ್ಕೂ ಸಣ್ಣಗೆ ಹುಟ್ಟಿದ್ದಕ್ಕೂ ಸಂಬಂಧ ಕಾಣಲಿಲ್ಲ. ತಮ್ಮ ವಾದಕ್ಕೆ ಒಗ್ಗದ ಫಲಿತಾಂಶವನ್ನು ಶೀರ್ಷಿಕೆಯಲ್ಲೇ ಮುಚ್ಚುಮರೆಯಿಲ್ಲದೆ ಹೇಳಿದ ಈ ವರದಿಯ ಬಗ್ಗೆ ನನಗೆ ಅಪಾರ ಗೌರವವಿದೆ.

ಇದನ್ನು ಓದುವಾಗ ಎಚ್ಚರವೂ ಬೇಕು. 1930–50ರ ದಶಕಗಳಲ್ಲಿ ಹೆರಿಗೆಗೆ ಆಸ್ಪತ್ರೆಗೆ ಬರುತ್ತಿದ್ದವರೇ ಕಡಿಮೆ. ತೀರ ಸಣ್ಣಗೆ ಹುಟ್ಟಿದ ಎಷ್ಟೋ ಮಕ್ಕಳು ಆಗ ಬದುಕುತ್ತಲೇ ಇರಲಿಲ್ಲ. ಊರು ಬಿಟ್ಟು ಹೋದವರು ಲೆಕ್ಕಕ್ಕೆ ಸಿಗಲಿಲ್ಲ. ಅಷ್ಟನ್ನೂ ಒಪ್ಪಿಕೊಂಡ ಮೇಲೂ ಉಳಿಯುವ ಮಾತು ಮುಖ್ಯವಾದದ್ದು. ಮೈಸೂರಿಗರ ನಾಳ ಪೆಡಸಾಗುವುದನ್ನು ಹುಟ್ಟಿನ ತೂಕವೊಂದರಿಂದ ವಿವರಿಸಲಾಗದು, ಹುಟ್ಟಿದ ಮೇಲಿನ ಐವತ್ತು ವರ್ಷಗಳನ್ನು ನೋಡಲೇಬೇಕು. ಇದೇ ಗುಂಪಿನ ಮಧುಮೇಹದ ಲೆಕ್ಕವೂ ಯುರೋಪಿಗಿಂತ ಬೇರೆಯಾಗಿತ್ತು. 1998ರ ವರದಿಯಂತೆ, ಉದ್ದಕ್ಕೆ ಹೋಲಿಸಿದರೆ ಗುಂಡಗೆ ಹುಟ್ಟಿದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಜಾಸ್ತಿ. ಗರ್ಭಿಣಿಯರ ಸಕ್ಕರೆ ಕಾಯಿಲೆಯ ಕಡೆ ಸಂಶೋಧಕರ ಗಮನ ಹರಿದದ್ದು ಇಲ್ಲಿಂದಲೇ. 1997–98ರಲ್ಲಿ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರೊಂದಿಗೆ ಶುರುವಾದ ಮೈಸೂರು ಪಾರ್ಥೆನಾನ್ ಅಧ್ಯಯನ ಅವರ ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸುತ್ತಾ ಬಂದಿದೆ. ಜಿ.ವಿ. ಕೃಷ್ಣವೇಣಿ ಈ ಕೆಲಸದ ಮುಂಚೂಣಿಯಲ್ಲಿದ್ದವರು.

ಅಳೆಯುವುದು ಹೇಗೆ

ಅಲೆಯ ವೇಗ ಅಳೆಯುವ ಯಂತ್ರ ಎಲ್ಲ ಕ್ಲಿನಿಕ್ಕುಗಳಲ್ಲಿ ಇರುವುದಿಲ್ಲ. ಕತ್ತಿನ ನಾಳದ ಪೆಡಸುತನವನ್ನು ಚಿತ್ರ ತೆಗೆಯದೆಯೇ ಅಲ್ಟ್ರಾಸೌಂಡಿನಿಂದ ಅಳೆಯುವ ‘ಆರ್ಟ್‌ಸೆನ್ಸ್’ ಎಂಬ ಸಾಧನವನ್ನು ಮದ್ರಾಸ್ ಐಐಟಿಯವರು ಅಭಿವೃದ್ಧಿಪಡಿಸಿದ್ದಾರೆ. ಸದ್ಯಕ್ಕೆ ಮನೆಯವರ ಕೈಲಿರುವ ಸಾಧನ ಬಿಪಿ ಯಂತ್ರವೇ. ಐದು ನಿಮಿಷ ಮಾತಾಡದೆ ಕುಳಿತು, ಬೆನ್ನಿಗೂ ತೋಳಿಗೂ ಆಸರೆ ಕೊಟ್ಟು ಅಳೆದ ಅಂಕಿಗಳನ್ನು ದಿನಾಂಕದೊಂದಿಗೆ ಬರೆದಿಟ್ಟರೆ ಅಂತರ ತಾನಾಗಿ ಕಾಣುತ್ತದೆ. ಅಂತರ 60 ದಾಟಿರುವ ಹಿರಿಯರು ಅದನ್ನು ವೈದ್ಯರ ಗಮನಕ್ಕೆ ತರಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆ, ಕೆಆರ್‌ಎಸ್ ರಸ್ತೆಯ ಜಯದೇವ, ಜೆಎಸ್‌ಎಸ್ ಮೊದಲಾದ ಕಡೆ ಎಕೋ ಮಾಡಿಸಿದಾಗ ಇಎಫ್ ಒಂದನ್ನೇ ನೋಡಿ ವರದಿ ಮಡಚಬೇಡಿ. ಗೋಡೆಯ ದಪ್ಪ, ಎಡ ಹೃತ್ಕರ್ಣದ ಗಾತ್ರ, ಸಡಿಲಗೊಳ್ಳುವ ಗುಣದ ಬಗ್ಗೆ ಏನು ಬರೆದಿದೆ ಎಂದು ಕೇಳಿ. ಬಾವು, ಏದುಸಿರು ಇದ್ದರೆ ‘ಎನ್‌ಟಿ ಪ್ರೊಬಿಎನ್‌ಪಿ’ ಎಂಬ ರಕ್ತಪರೀಕ್ಷೆ ನೆರವಾಗುತ್ತದೆ.

ಉಪ್ಪು, ನಡಿಗೆ, ಮಾತ್ರೆ

ತುಂಡಾದ ಎಲಾಸ್ಟಿನ್ ಅನ್ನು ಮತ್ತೆ ಜೋಡಿಸುವ ಔಷಧ ಇಲ್ಲ. ಆದರೆ ಪೆಡಸುತನದ ಒಂದು ಪಾಲು ನಾಳದ ಸ್ನಾಯುವಿನ ಬಿಗಿತದ್ದು, ಇನ್ನೊಂದು ಪಾಲು ಬಿಪಿಯದ್ದೇ. ಅವು ಬಗ್ಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚದಷ್ಟು. ಹುಳಿ, ಸಾರು, ಪಲ್ಯಕ್ಕೆ ಹಾಕಿದ್ದು ಕಣ್ಣಿಗೆ ಕಾಣುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿ, ಬೇಕರಿಯ ಖಾರಾ ಬಿಸ್ಕತ್ತುಗಳಲ್ಲಿರುವುದು ಲೆಕ್ಕಕ್ಕೆ ಬರುವುದಿಲ್ಲ. ಮಜ್ಜಿಗೆ ಅನ್ನಕ್ಕೆ ಮೇಲುಪ್ಪು ಹಾಕುವುದನ್ನು ಬಿಟ್ಟರೂ ಒಂದು ಹೆಜ್ಜೆ ಮುಂದಿಟ್ಟಂತೆ.

ನಡಿಗೆಯ ಬಗ್ಗೆ ಗಟ್ಟಿ ಆಧಾರವಿದೆ. ಹಿರೊಫುಮಿ ತನಾಕ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಳಿತೇ ಕೆಲಸ ಮಾಡುತ್ತಿದ್ದ ನಡುವಯಸ್ಸಿನ ಗಂಡಸರು ಮೂರು ತಿಂಗಳು ಮುಖ್ಯವಾಗಿ ನಡಿಗೆಯ ವ್ಯಾಯಾಮ ಮಾಡಿದಾಗ ಅವರ ಕತ್ತಿನ ನಾಳ ಹಿಗ್ಗುವ ಗುಣ ಸುಧಾರಿಸಿತು. ಸಿದ್ಧಾರ್ಥನಗರದವರಿಗೆ ಕಾರಂಜಿ ಕೆರೆಯ ದಂಡೆ, ಲಲಿತಮಹಲ್ ಕಡೆಯ ಸಾಲುಮರದ ರಸ್ತೆ ಹತ್ತಿರವೇ ಇವೆ. ಮಾತಾಡಲು ಆಗುವಷ್ಟು, ಹಾಡಲು ಆಗದಷ್ಟು ಬಿರುಸು ಸಾಕು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹುಮ್ಮಸ್ಸಿನ ಹಿರಿಯರು, ಈಗಾಗಲೇ ಏದುಸಿರು ಅಥವಾ ಎದೆ ಬಿಗಿತ ಇದ್ದರೆ, ಮೊದಲು ಪರೀಕ್ಷೆ ಮಾಡಿಸಿಕೊಂಡು ಆಮೇಲೆ ಹತ್ತಬೇಕು.

ಮೇಲಿನ ಒತ್ತಡ ಮಾತ್ರ ಹೆಚ್ಚಿರುವ ಹಿರಿಯರಿಗೆ ಮಾತ್ರೆ ಬೇಕೇ ಎಂಬ ಪ್ರಶ್ನೆಗೆ 1991ರಲ್ಲೇ ಉತ್ತರ ಸಿಕ್ಕಿತು. ಅಮೆರಿಕದ ‘ಶೆಪ್’ ಪ್ರಯೋಗದಲ್ಲಿ ಅಗ್ಗದ ಕ್ಲೋರ್‌ಥಾಲಿಡೋನ್ ಮಾತ್ರೆಯಿಂದ ಶುರುವಾದ ಚಿಕಿತ್ಸೆ ಪಾರ್ಶ್ವವಾಯುವನ್ನು ನೂರಕ್ಕೆ 36ರಷ್ಟು ತಗ್ಗಿಸಿತು, ಹೃದಯ ವೈಫಲ್ಯವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಎಂಬತ್ತು ದಾಟಿದವರಿಗೂ ಲಾಭವಿದೆ ಎಂದು 2008ರ ‘ಹೈವೆಟ್’ ಪ್ರಯೋಗ ತೋರಿಸಿತು. ದಪ್ಪಗಾದ ಗೋಡೆ ಮತ್ತೆ ತೆಳುವಾಗುವುದೂ ಸಾಧ್ಯ. 2002ರ ‘ಲೈಫ್’ ಪ್ರಯೋಗದಲ್ಲಿ ಲೊಸಾರ್ಟನ್ ಈ ಕೆಲಸವನ್ನು ಅಟೆನೊಲಾಲ್‌ಗಿಂತ ಚೆನ್ನಾಗಿ ಮಾಡಿತು. 2006ರ ‘ಕೆಫೆ’ ಅಧ್ಯಯನ ಇನ್ನೊಂದು ಸೂಕ್ಷ್ಮವನ್ನು ಬಯಲಿಗೆ ತಂದಿತು: ತೋಳಿನಲ್ಲಿ ಅಳೆದ ಬಿಪಿ ಒಂದೇ ಇದ್ದರೂ, ಅಮ್ಲೋಡಿಪಿನ್ ಆಧಾರದ ಚಿಕಿತ್ಸೆ ಪಡೆದವರ ಮಹಾಪಧಮನಿಯ ಒತ್ತಡ ಅಟೆನೊಲಾಲ್ ಗುಂಪಿನವರಿಗಿಂತ ಕಡಿಮೆ ಇತ್ತು. ಹೃದಯ ಎದುರಿಸಬೇಕಾದದ್ದು ಆ ಒತ್ತಡವನ್ನೇ, ತೋಳಿನದನ್ನಲ್ಲ. ಹಾಗೆಂದು ಅಟೆನೊಲಾಲ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ತಾವಾಗಿ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ಅಪಾಯವಿದೆ, ಕೆಲವರಿಗೆ ಅದು ಬೇರೆ ಕಾರಣಕ್ಕೆ ಬೇಕಾಗಿಯೂ ಇರುತ್ತದೆ.

ಇಎಫ್ ಸರಿಯಿದ್ದೂ ಆಗುವ ಹೃದಯ ವೈಫಲ್ಯಕ್ಕೆ ಬಹುಕಾಲ ಗಟ್ಟಿಯಾದ ಚಿಕಿತ್ಸೆ ಇರಲಿಲ್ಲ. ಸಕ್ಕರೆ ಕಾಯಿಲೆಗೆಂದು ಬಂದ ಎಂಪಾಗ್ಲಿಫ್ಲೋಜಿನ್ 2021ರಲ್ಲಿ, ಡಾಪಾಗ್ಲಿಫ್ಲೋಜಿನ್ 2022ರಲ್ಲಿ ಇಂಥ ರೋಗಿಗಳು ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡುತ್ತವೆ ಎಂದು ದೊಡ್ಡ ಪ್ರಯೋಗಗಳಲ್ಲಿ ಸಿದ್ಧವಾಯಿತು. ಮಧುಮೇಹ ಇಲ್ಲದವರಿಗೂ ಇದರ ಲಾಭ ಸಿಕ್ಕಿತು. ಪೆಡಸು ನಾಳದವರಲ್ಲಿ ಯಾವ ಮಾತ್ರೆಯನ್ನೂ ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ಮೆಲ್ಲಗೆ ಏರಿಸುವುದು ವಾಡಿಕೆ. ಮಾತ್ರೆ ಬದಲಾದಾಗಲೆಲ್ಲ ಬಿಪಿಯನ್ನು ಒಮ್ಮೆ ಕುಳಿತು, ಆಮೇಲೆ ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಅಳೆಯಬೇಕು. ನಿಂತಾಗ ಮೇಲಿನ ಅಂಕಿ 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ ತಿಳಿಸಿ.